ಷರಾ

ತಿಂಗಳ ಕೊನೆಯ ದಿನ ನನಗೆ ಕೋಷ್ಟಕದ ಕೆಲಸ.
ಠಾಣೆಯಲ್ಲಿ ನನ್ನನ್ನು ರೈಟರ್ ಅನ್ನುತ್ತಾರೆ.
ಹದಿನಾರು ವರ್ಷದಿಂದ ಬರೆಯುತ್ತಿದ್ದೇನೆ,
ನನ್ನದು ಅನ್ನುವ ಒಂದು ವಾಕ್ಯವೂ ಇಲ್ಲ.

ಸರಗಳವು: ಮೂರು. ಹೋದ ವರ್ಷ ಇದೇ ತಿಂಗಳು ಏಳು.
ಬೈಕು: ಹನ್ನೊಂದು. ಎರಡು ಎಪಿಎಂಸಿ ಗೇಟಿನ ಮುಂದೆಯೇ.
ಮಟಕಾ: ಏರಿಕೆ; ಅಂದರೆ
ನಾವು ಹೆಚ್ಚು ಸಲ ಹೋಗಿದ್ದೇವೆ.
ಮಕ್ಕಳ ಮೇಲಿನ ಅಪರಾಧ: ಒಂದು.
ಹೋದ ವರ್ಷ ಐದು.
ಇಳಿಕೆ ಶೇಕಡಾ ಎಂಬತ್ತು.
ಸಾಹೇಬರಿಗೆ ಈ ಸಾಲು ಇಷ್ಟ, ಸಭೆಯಲ್ಲಿ ಮೊದಲು ಓದುತ್ತಾರೆ.

ಆ ಒಂದು ಯಾರೆಂದು ನನಗೆ ಗೊತ್ತು.
ಉಳಿದ ನಾಲ್ಕು ಎಲ್ಲಿ ಕೂತಿವೆಯೋ.
ಒಂದು ಮನೆಯವರು ಈ ಬೆಂಚಿನವರೆಗೂ ಬಂದು, ನೀರು ಕುಡಿದು,
"ನಾಳೆ ಮದ್ವಿ ಆಗ್ಬೇಕಲ್ರೀ ಹುಡುಗೀದು" ಎಂದು ಎದ್ದರು.
ಕುಡಿದ ಲೋಟವನ್ನು ಆ ತಾಯಿ
ತೊಳೆದು ಬೋರಲು ಹಾಕಿ ಹೋದಳು.
ಅದಕ್ಕೆ ಕಲಂ ಇಲ್ಲ.

ಮೂರೂವರೆ ಇರಬೇಕು.
ಮಂಡಕ್ಕಿ ಭಟ್ಟಿಯ ಮಸಿ ಕಿಟಕಿ ದಾಟಿ
ಕಾಗದದ ಮೇಲೆ ಕೂರುವ ಹೊತ್ತು. ಬಾಗಿಲಲ್ಲಿ ಅವಳು.
ಒಂಬತ್ತೋ ಹತ್ತೋ. ಲಂಗದ ಮಡಿಕೆ ಬಿಚ್ಚಿ
ಉದ್ದ ಮಾಡಿದ ಕಡೆ ಬಣ್ಣ ಬೇರೆ.
ಪಕ್ಕದಲ್ಲಿ ತಮ್ಮ, ಕೈಯಲ್ಲಿ ಖಾರಮಂಡಕ್ಕಿ ಪೊಟ್ಟಣ.
(ಹೆಸರು ಬರೆಯಬಾರದು, ನಿಯಮ.
ಇಲ್ಲೂ ಬರೆಯುವುದಿಲ್ಲ.)

"ಕಂಪ್ಲೇಂಟ್ ಕೊಡಾಕೆ ಎಷ್ಟು ವರ್ಷ ಆಗಿರ್ಬೇಕ್ರೀ?"
ಯಾರ ಮೇಲೆ?
"ಕನ್ನಡಿ ಮ್ಯಾಲೆ."

ನಕ್ಕುಬಿಟ್ಟೆ.
ಆ ನಗು ಇನ್ನೂ ಹಲ್ಲಿನ ಸಂದಿಯಲ್ಲಿದೆ.

"ಶಾಲಿ ಆಟೋದಾಗೆ ಹೊಸಾ ಕನ್ನಡಿ ಹಾಕ್ಸ್ಯಾನೆ.
ಅದ್ರಾಗೆ ರಸ್ತೆ ಕಾಣಲ್ರೀ. ನಾವ್ ಕಾಣ್ತೀವಿ.
ನಾನ್ ಈ ಕಡೆ ಸರದ್ರೆ ಅದನ್ನೂ ಈ ಕಡೆ ತಿರುಗುಸ್ತಾನೆ.
ಈಗ ಎಲ್ರೂ ಚೀಲ ತೊಡಿ ಮ್ಯಾಲೆ ಇಟ್ಕಂತೀವಿ."

ಮುಟ್ಟಿದನಾ? ಇಲ್ಲ.
ಏನಾದರೂ ಅಂದನಾ? ಇಲ್ಲ. ಪೆಪ್ಪರಮಿಂಟು ಕೊಡ್ತಾನೆ.
ಎಲ್ಲರಿಗೂ?
"ತಮ್ಮಗೆ ಕೊಡಲ್ಲ."

ನನ್ನ ಪೆನ್ನಿಗೆ ಗೊತ್ತಿರುವುದು ಮೂರೇ ಪ್ರಶ್ನೆ.
ದಿನಾಂಕ: ದಿನಾ.
ವೇಳೆ: ಹೋಗುವಾಗ, ಬರುವಾಗ.
ಸ್ಥಳ: ಅಂಗೈಯಗಲದ ಗಾಜಿನೊಳಗೆ.

ಅವ್ವಗೆ ಹೇಳಿದೆಯಾ ಅಂದರೆ
ಬಾಗಿಲ ಚಿಲಕ ನೋಡುತ್ತ ಅಂದಳು:
"ಆಟೋ ಬಿಡ್ಸಿದ್ರೆ ಶಾಲೀನೂ ಬಿಡುಸ್ತಾರೆ."

ಕೋಷ್ಟಕ ಮುಚ್ಚಿ ಎದ್ದೆ. ಕೊಟ್ರೇಶಿ ಜೊತೆಗೆ ಬಂದ.
ಮುಚ್ಚಿದ ಗಿರಣಿಯ ಗೋಡೆ ಗುಂಟ ನಿಂತ ಆಟೋಗಳಲ್ಲಿ
ಅವಳು ದೂರದಿಂದ ಗದ್ದ ಎತ್ತಿ ತೋರಿಸಿದ್ದು ಹಳದಿ ಗೊಂಡೆಯದು.
ಮಾತಾಡದೆ ಹತ್ತಿ ಕೂತೆ, ಅವಳು ಕೂರುವ ಜಾಗದಲ್ಲಿ.
ಕನ್ನಡಿಯಲ್ಲಿ ನನ್ನ ಮುಖವಿಲ್ಲ.
ಖಾಕಿ ಮೊಣಕಾಲು ಎರಡು.
ನಲವತ್ತೊಂದು ವರ್ಷದ ಹೆಂಗಸು, ಸೊಂಟಕ್ಕೆ ಇಲಾಖೆಯ ಬೆಲ್ಟು,
ಕೈ ತಾನೇ ಹುಡುಕಿತು
ತೊಡೆಯ ಮೇಲಿಡಲು ಏನಾದರೊಂದು.

"ಮಕ್ಳು ಬೀಳ್ಬಾರ್ದಲ್ಲ ಮೇಡಂ," ಎಂದ ಅವನು,
"ಸೇಫ್ಟಿಗೆ."

ಕೊಟ್ರೇಶಿ ಸ್ಕ್ರೂ ಬಿಚ್ಚುತ್ತಿದ್ದ. ಒಂದು ತುಕ್ಕು ಹಿಡಿದಿತ್ತು.
ಭಟ್ಟಿಗೆ ಹೋದೆ, ಅವ್ವನನ್ನು ಹೊರಗೆ ಕರೆದೆ,
ಬಾಣಲೆಯ ಸದ್ದಿಗೆ ನಾನಂದದ್ದು ಎಷ್ಟು ಕೇಳಿತೋ;
ಮರಳು ಜಾಡಿಸಿದ ಕೈಯನ್ನು ಬಾಯಿಗೆ ಇಟ್ಟುಕೊಂಡಳು.
ಶಾಲೆಗೂ ಹೋದೆ. ದೊಡ್ಡ ಮೇಷ್ಟ್ರು
"ಅವನು ಬಹಳ ಒಳ್ಳೆಯವನು" ಅಂದರು.
ತಿರುಗಿ ಬರುವಾಗ ತಮ್ಮ ಕೇಳಿದ,
ಪೊಟ್ಟಣದ ತಳ ನೆಕ್ಕುತ್ತ:
"ಹಂಗಾರೆ ನಾಳೆ ಯಾವ್ದ್ರಾಗೆ ಹೋಗೋದ್ರೀ?"

ಕೋಷ್ಟಕದ ಕೊನೆಗೆ ಒಂದು ಸಣ್ಣ ಮನೆ, ಷರಾ.
ಯಾವಾಗಲೂ ಅಲ್ಲಿ 'ಇಲ್ಲ' ಅಂತ ಬರೆಯುವುದು.
ಅವತ್ತು ಆ ಹುಡುಗನ ಪ್ರಶ್ನೆ ಬರೆದೆ,
ಅಕ್ಷರ ಗೆರೆ ದಾಟಿತು.

ನಾಲ್ಕನೇ ದಿನ ಮೇಲಿನ ಕಚೇರಿಯಿಂದ ವಾಪಸು ಬಂತು,
ಕೆಂಪು ಮಸಿಯಲ್ಲಿ:
ಷರಾ ಅಸ್ಪಷ್ಟ. ಸಂಖ್ಯೆಯಲ್ಲಿ ನಮೂದಿಸಿ.

ಆ ಆಟೋದಲ್ಲಿ ತೊಡೆ ಮೇಲೆ ಚೀಲ ಇಟ್ಟುಕೊಂಡವರನ್ನು
ನೆನಪಿನಿಂದ ಎಣಿಸಿದೆ,
ಆರು, ಎಂದು ಬರೆದೆ.
ಹೊಡೆದು ಹಾಕಿ
ಏಳು ಅಂದೆ.